ನದಿಯ ಜಾಗದಲ್ಲಿ ಕಾರುಗಳು: ಥೀಮ್ ಪಾರ್ಕ್‌ಗಳ ಹಳೆಯ ರೈಡ್‌ಗಳು ಚಲನಚಿತ್ರಗಳಿಗೆ ದಾರಿ ಬಿಡುತ್ತಿರುವುದೇಕೆ?

ವಿಶೇಷ ಲೇಖನ
ನಮ್ಮ ವರದಿಗಾರರಿಂದ

ಅಮೆರಿಕದ ಫ್ಲಾರಿಡಾ ರಾಜ್ಯದ ಓರ್ಲ್ಯಾಂಡೊ ಸಮೀಪವಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2025ರ ಜುಲೈ 6ರಂದು ನದಿಯೊಂದರ ದೋಣಿ ಸಂಚಾರ ಶಾಶ್ವತವಾಗಿ ಕೊನೆಗೊಂಡಿತು. ಅದು ನಿಸರ್ಗ ನಿರ್ಮಿತ ನದಿಯಲ್ಲ. ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನ 1971ರಲ್ಲಿ ಬಾಗಿಲು ತೆರೆದಾಗಿನಿಂದಲೂ ಅಲ್ಲಿದ್ದ, ‘ರಿವರ್ಸ್ ಆಫ್ ಅಮೆರಿಕ’ ಎಂಬ ಹೆಸರಿನ ಕೃತಕ ಜಲಮಾರ್ಗ. ಹಿಂಬದಿಯ ದೊಡ್ಡ ಚಕ್ರವನ್ನು ತಿರುಗಿಸುತ್ತ ನಿಧಾನವಾಗಿ ಸಾಗುವ ಹಬೆದೋಣಿ, ನಡುವೆ ಮಾರ್ಕ್ ಟ್ವೇನ್ ಅವರ ಕಥಾನಾಯಕ ಟಾಮ್ ಸಾಯರ್‌ನ ಹೆಸರು ಹೊತ್ತ ದ್ವೀಪ, ಆ ದ್ವೀಪದ ಗುಹೆಗಳಲ್ಲಿ ಓಡಾಡುವ ಮಕ್ಕಳು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ಕಂಡುಬರುತ್ತಿದ್ದ ದೃಶ್ಯವಿದು.

ಆ ನೀರಿನ ಜಾಗದಲ್ಲಿ ತಲೆಯೆತ್ತಲಿರುವುದು ‘ಕಾರ್ಸ್’ ಚಿತ್ರಮಾಲೆಯನ್ನು ಆಧರಿಸಿದ ಹೊಸ ವಲಯ. ಮಾತನಾಡುವ ಕಾರುಗಳ ಈ ಆನಿಮೇಷನ್ ಚಿತ್ರ ಮೊದಲು ತೆರೆ ಕಂಡದ್ದು 2006ರಲ್ಲಿ. ಡಿಸ್ನಿ ಸಂಸ್ಥೆ ಈ ಯೋಜನೆಯನ್ನು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದಾಗ ಅಭಿಮಾನಿಗಳಲ್ಲಿ ಎರಡು ಬಣಗಳೇ ಏರ್ಪಟ್ಟವು. ‘ಹಬೆದೋಣಿಯನ್ನು ಏರುವವರು ಕಡಿಮೆಯಾಗಿದ್ದರು, ಹೊಸತು ಬರಲಿ’ ಎಂದವರು ಕೆಲವರು. ‘ಪಾರ್ಕಿನ ಆತ್ಮವೇ ಹೋಯಿತು’ ಎಂದು ಮರುಗಿದವರು ಇನ್ನು ಕೆಲವರು.

ಇದು ಒಂದು ಬಿಡಿ ಘಟನೆಯಲ್ಲ. ಕಳೆದ ಮೂರು-ನಾಲ್ಕು ದಶಕಗಳಿಂದ ಅಮೆರಿಕದ ದೊಡ್ಡ ಥೀಮ್ ಪಾರ್ಕ್‌ಗಳಲ್ಲಿ ಹಳೆಯ ಆಕರ್ಷಣೆಗಳು ಒಂದೊಂದಾಗಿ ಮುಚ್ಚಿ, ಅವುಗಳ ಜಾಗಕ್ಕೆ ಜನಪ್ರಿಯ ಚಲನಚಿತ್ರಗಳನ್ನು ಆಧರಿಸಿದ ರೈಡ್‌ಗಳು ಬರುತ್ತಿವೆ. ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ರಾಜ್ಯದ ಅನೇಕ ಕುಟುಂಬಗಳ ಪ್ರವಾಸದ ಪಟ್ಟಿಯಲ್ಲಿ ಈ ಪಾರ್ಕ್‌ಗಳಿಗೂ ಸ್ಥಾನವಿರುವುದರಿಂದ, ಅಲ್ಲಿ ಆಗುತ್ತಿರುವುದೇನು, ಆಗುತ್ತಿರುವುದೇಕೆ ಎಂಬುದನ್ನು ಅರಿಯುವುದು ಅಪ್ರಸ್ತುತವಾಗಲಾರದು.

ಥೀಮ್ ಪಾರ್ಕ್ ಎಂದರೆ ಬರೀ ಆಟವಲ್ಲ

ಬೆಂಗಳೂರು-ಮೈಸೂರು ರಸ್ತೆಯ ಬಿಡದಿ ಸಮೀಪದ ವಂಡರ್‌ಲಾ ಕರ್ನಾಟಕದ ನಗರವಾಸಿಗಳಿಗೆ ಪರಿಚಿತ. ಅಲ್ಲಿನ ಪ್ರಧಾನ ಆಕರ್ಷಣೆ ಎತ್ತರ, ವೇಗ ಮತ್ತು ನೀರು. ಮೇಲಕ್ಕೆ ಕೊಂಡೊಯ್ದು ಕೆಳಕ್ಕೆ ಬಿಟ್ಟರೆ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಕಥೆ ಬೇಕಿಲ್ಲ. ಅಮೆರಿಕದ ಥೀಮ್ ಪಾರ್ಕ್‌ಗಳ ಹೆಚ್ಚುಗಾರಿಕೆ ಇರುವುದು ಬೇರೆಡೆ. ಅಲ್ಲಿ ರೈಡ್ ಎಂದರೆ ಪ್ರೇಕ್ಷಕನನ್ನು ವಾಹನದಲ್ಲಿ ಕೂರಿಸಿ, ಒಂದು ಕಟ್ಟಡದೊಳಗೆ ನಿರ್ಮಿಸಿದ ಬೇರೊಂದು ಲೋಕದ ಮೂಲಕ ಕೊಂಡೊಯ್ಯುವ ರಂಗಭೂಮಿ. ಬೆಳಕು, ಸಂಗೀತ, ವಾಸನೆ, ಯಂತ್ರದಿಂದ ಚಲಿಸುವ ಗೊಂಬೆಗಳು ಎಲ್ಲವೂ ಸೇರಿ ಹತ್ತು-ಹದಿನೈದು ನಿಮಿಷಗಳ ಅನುಭವವೊಂದು ಸಿದ್ಧವಾಗುತ್ತದೆ.

ಈ ಅನುಭವದಲ್ಲಿ ಎರಡು ಬಗೆಯುಂಟು. ಒಂದು, ಪ್ರೇಕ್ಷಕನಿಗೆ ಮೊದಲೇ ತಿಳಿದಿರುವ ಕಥೆಯನ್ನು ಮತ್ತೆ ತೋರಿಸುವುದು. ಎರಡು, ಯಾವ ಪೂರ್ವಪರಿಚಯವನ್ನೂ ಬೇಡದೆ ಒಂದು ಸ್ಥಳ, ಒಂದು ಕಾಲ ಅಥವಾ ಒಂದು ವಿಚಾರದೊಳಗೆ ಪ್ರೇಕ್ಷಕನನ್ನು ನಿಲ್ಲಿಸುವುದು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1967ರ ಮಾರ್ಚ್‌ನಲ್ಲಿ ಆರಂಭವಾದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಎರಡನೆಯ ಬಗೆಗೆ ಶ್ರೇಷ್ಠ ಉದಾಹರಣೆ. ದೋಣಿಯಲ್ಲಿ ಕುಳಿತು ಕಡಲ್ಗಳ್ಳರ ಊರಿನ ನಡುವೆ ಸಾಗುವ ಈ ರೈಡ್‌ಗೆ ಆಗ ನಾಯಕನೂ ಇರಲಿಲ್ಲ, ಕಥೆಯೂ ಇರಲಿಲ್ಲ. ಉರಿಯುವ ಊರು, ಕುಡಿದು ಹಾಡುವ ಕಳ್ಳರು, ಬಾಯಲ್ಲಿ ಸೆರೆಮನೆಯ ಬೀಗದ ಕೈ ಕಚ್ಚಿಕೊಂಡು ಕುಳಿತ ನಾಯಿ, ಅದನ್ನು ಪುಸಲಾಯಿಸುವ ಕೈದಿಗಳು. ಮಿಕ್ಕದ್ದನ್ನು ನೋಡುವವರೇ ಕಲ್ಪಿಸಿಕೊಳ್ಳಬೇಕು. 1969ರಲ್ಲಿ ಬಂದ ‘ಹಾಂಟೆಡ್ ಮ್ಯಾನ್ಷನ್’ ಎಂಬ ದೆವ್ವದ ಮನೆಯೂ ಇಂಥದ್ದೇ.

ಹಾಗೆಂದು ಹಳೆಯದೆಲ್ಲ ಸ್ವಂತ ಕಲ್ಪನೆ, ಹೊಸದೆಲ್ಲ ಸಿನಿಮಾ ಎಂದು ಭಾವಿಸುವುದು ತಪ್ಪು. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಆರಂಭವಾದಾಗಲೇ ಅಲ್ಲಿ ಪೀಟರ್ ಪ್ಯಾನ್, ಸ್ನೋ ವೈಟ್ ಮತ್ತು ಮಿಸ್ಟರ್ ಟೋಡ್ ರೈಡ್‌ಗಳಿದ್ದವು. ಮೂರೂ ಡಿಸ್ನಿ ಚಿತ್ರಗಳನ್ನು ಆಧರಿಸಿದವು. ಆದರೆ ಅವುಗಳ ಪಕ್ಕದಲ್ಲೇ ಕಾಡಿನ ನದಿಯ ವಿಹಾರವಿತ್ತು, ಹಬೆದೋಣಿ ಇತ್ತು, ರೈಲಿತ್ತು. ಅಂದರೆ ಸಿನಿಮಾ ಪಾರ್ಕಿನ ಒಂದು ಮೂಲೆಯಲ್ಲಿತ್ತು. ಇಂದು ಬದಲಾಗಿರುವುದು ಈ ಪ್ರಮಾಣ.

ಹಣ ಕೊಟ್ಟವರು ಯಾರು?

ಸಿನಿಮಾದ ಬೆಂಬಲವಿಲ್ಲದ ರೈಡ್‌ಗಳು ಆಗ ಹೇಗೆ ಸಾಧ್ಯವಾದವು? ಇದಕ್ಕೆ ಉತ್ತರ ಕಲೆಯ ಚರಿತ್ರೆಯಲ್ಲಿ ಸಿಗುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ.

1964-65ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವಮೇಳ ನಡೆಯಿತು. ನಮ್ಮ ಮೈಸೂರು ದಸರಾ ವಸ್ತುಪ್ರದರ್ಶನವನ್ನು ಹಲವು ಪಟ್ಟು ಹಿಗ್ಗಿಸಿ, ಅದಕ್ಕೆ ದೇಶ-ದೇಶಗಳ ಮತ್ತು ದೊಡ್ಡ ಕಂಪನಿಗಳ ಮಂಟಪಗಳನ್ನು ಸೇರಿಸಿದರೆ ಹೇಗಿರಬಹುದೋ ಹಾಗೆ. ಆ ಮೇಳಕ್ಕಾಗಿ ವಾಲ್ಟ್ ಡಿಸ್ನಿ ನಾಲ್ಕು ಆಕರ್ಷಣೆಗಳನ್ನು ರೂಪಿಸಿಕೊಟ್ಟರು. ನಾಲ್ಕಕ್ಕೂ ಹಣ ಬೇರೆಯವರದು. ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಮನೆಯೊಂದಕ್ಕೆ ವಿದ್ಯುತ್ ಬಂದ ಕಥೆ ಹೇಳುವ ತಿರುಗುವ ರಂಗಮಂದಿರ, ಫೋರ್ಡ್ ಕಂಪನಿಗಾಗಿ ಡೈನೋಸಾರ್‌ಗಳ ಕಾಲದ ಪಯಣ, ಇಲಿನಾಯ್ ರಾಜ್ಯಕ್ಕಾಗಿ ಎದ್ದು ನಿಂತು ಭಾಷಣ ಮಾಡುವ ಅಬ್ರಹಾಂ ಲಿಂಕನ್ ಗೊಂಬೆ, ಪೆಪ್ಸಿಯ ನೆರವಿನಿಂದ ಯುನಿಸೆಫ್‌ಗೆ ಗೌರವವಾಗಿ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’. ಮೇಳ ಮುಗಿದ ಬಳಿಕ ಇವುಗಳ ಬಹುಭಾಗ ಡಿಸ್ನಿಲ್ಯಾಂಡ್‌ಗೆ ಬಂದು ಸೇರಿತು.

ಅಲ್ಲಿಂದ ಒಂದು ಪದ್ಧತಿ ಗಟ್ಟಿಯಾಯಿತು. ಕಂಪನಿಯೊಂದು ಪ್ರಾಯೋಜಕನಾಗಿ ಹಣ ಕೊಡುತ್ತದೆ. ಪಾರ್ಕ್ ಅದಕ್ಕೆ ಒಪ್ಪುವ ವಿಚಾರವೊಂದನ್ನು ರೈಡ್ ಆಗಿ ಕಟ್ಟುತ್ತದೆ. 1967ರಲ್ಲಿ ಮೊನ್ಸಾಂಟೊ ಕಂಪನಿಯ ಪ್ರಾಯೋಜಕತ್ವದಲ್ಲಿ ಆರಂಭವಾದ ‘ಅಡ್ವೆಂಚರ್ ಥ್ರೂ ಇನ್ನರ್ ಸ್ಪೇಸ್’ ಈ ಬಗೆಯದು. ಪ್ರೇಕ್ಷಕರು ಕುಗ್ಗುತ್ತ ಕುಗ್ಗುತ್ತ ಹಿಮದ ಹರಳಿನೊಳಗೆ, ಅಣುವಿನೊಳಗೆ, ಕೊನೆಗೆ ಪರಮಾಣುವಿನೊಳಗೇ ಹೊಕ್ಕುಬಿಡುವ ಕಲ್ಪನೆ. ಸರಪಣಿಯಂತೆ ಒಂದರ ಹಿಂದೊಂದು ನಿಲ್ಲದೆ ಚಲಿಸುವ, ಬೇಕಾದ ದಿಕ್ಕಿಗೆ ಪ್ರೇಕ್ಷಕನ ಮುಖ ತಿರುಗಿಸುವ ಆಸನಗಳ ವ್ಯವಸ್ಥೆ ಮೊದಲು ಬಳಕೆಯಾದದ್ದು ಇದರಲ್ಲಿಯೇ.

ಈ ಪದ್ಧತಿಯ ಪರಾಕಾಷ್ಠೆ 1982ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ತೆರೆದ ಎಪ್ಕಾಟ್. ಇದು ಜ್ಞಾನವನ್ನೇ ವಿಷಯವಾಗಿಸಿಕೊಂಡ ಪಾರ್ಕ್. ಸಂವಹನದ ಇತಿಹಾಸ ಹೇಳುವ ಬೃಹತ್ ಗೋಳಕ್ಕೆ ದೂರವಾಣಿ ಕಂಪನಿ ಬೆಲ್, ಇಂಧನದ ಕಥೆಗೆ ಎಕ್ಸಾನ್, ಸಾರಿಗೆಯ ಕಥೆಗೆ ಜನರಲ್ ಮೋಟರ್ಸ್, ಕೃಷಿಗೆ ಕ್ರಾಫ್ಟ್, 1983ರಲ್ಲಿ ಸೇರಿದ ಭವಿಷ್ಯದ ಜೀವನದ ಕಥೆಗೆ ಜನರಲ್ ಎಲೆಕ್ಟ್ರಿಕ್ ಹೀಗೆ ಒಂದೊಂದು ಮಂಟಪಕ್ಕೂ ಒಬ್ಬೊಬ್ಬ ಪ್ರಾಯೋಜಕ. ಆರಂಭದಲ್ಲಿ ಮಿಕಿ ಮೌಸ್ ಮೊದಲಾದ ಪಾತ್ರಗಳನ್ನು ಇಲ್ಲಿಂದ ದೂರವೇ ಇಡಲಾಗಿತ್ತು ಎಂಬುದು ಗಮನಾರ್ಹ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಈ ಹಳೆಯ ರೈಡ್‌ಗಳು ಪರಿಶುದ್ಧ ಜ್ಞಾನದಾಸೋಹವೇನೂ ಆಗಿರಲಿಲ್ಲ. ತೈಲ ಕಂಪನಿ ಹೇಳಿಸಿದ ಇಂಧನದ ಕಥೆ ತೈಲ ಕಂಪನಿಗೆ ಮುಜುಗರ ತರುವಂತಿರುವುದು ಹೇಗೆ ಸಾಧ್ಯ? ಆದರೂ ಆ ಜಾಹೀರಾತಿನ ನೆರಳಿನಲ್ಲೇ ಒಬ್ಬ ಬಾಲಕ ಪರಮಾಣುವಿನ ಬಗ್ಗೆ, ಒಬ್ಬ ಬಾಲಕಿ ಡೈನೋಸಾರ್‌ಗಳ ಬಗ್ಗೆ ಕುತೂಹಲ ಹೊತ್ತು ಹೊರಬರಲು ಅವಕಾಶವಿತ್ತು.

ಪ್ರಾಯೋಜಕ ಎದ್ದುಹೋದಾಗ

ಪ್ರಾಯೋಜಕರ ಕರಾರುಗಳು ಶಾಶ್ವತವಲ್ಲ. ಪರಮಾಣು ರೈಡ್‌ನ ಪ್ರಾಯೋಜಕತ್ವವನ್ನು ಮೊನ್ಸಾಂಟೊ 1977ರಲ್ಲಿಯೇ ಬಿಟ್ಟಿತು. 1985ರಲ್ಲಿ ಆ ರೈಡ್ ಮುಚ್ಚಿತು. 1987ರ ಜನವರಿಯಲ್ಲಿ ಅದೇ ಕಟ್ಟಡದಲ್ಲಿ ಆರಂಭವಾದದ್ದು ‘ಸ್ಟಾರ್ ಟೂರ್ಸ್’. ಜಾರ್ಜ್ ಲೂಕಾಸ್ ಅವರ ‘ಸ್ಟಾರ್ ವಾರ್ಸ್’ ಚಿತ್ರಗಳನ್ನು ಆಧರಿಸಿದ ಇದಕ್ಕೆ ವಿಮಾನ ಚಾಲಕರ ತರಬೇತಿಗೆ ಬಳಸುವ ಅಲುಗಾಡುವ ಯಂತ್ರಕೋಣೆಯ ತಂತ್ರಜ್ಞಾನವನ್ನು ಅಳವಡಿಸಲಾಯಿತು. ಕಟ್ಟಡವನ್ನೂ ಯಂತ್ರವನ್ನೂ ಹಾಗೆಯೇ ಉಳಿಸಿಕೊಂಡು ತೆರೆಯ ಮೇಲಿನ ದೃಶ್ಯವನ್ನಷ್ಟೇ ಬದಲಿಸಬಹುದೆಂಬುದು ಈ ಬಗೆಯ ರೈಡ್‌ನ ದೊಡ್ಡ ಅನುಕೂಲ. 2011ರಲ್ಲಿ ಹಾಗೆಯೇ ಹೊಸ ದೃಶ್ಯಗಳನ್ನು ಸೇರಿಸಲಾಯಿತು. ಇಂದಿನ ಪ್ರವೃತ್ತಿಯ ಬೀಜ ಇಲ್ಲಿದೆ ಎನ್ನಬಹುದು.

ಎಪ್ಕಾಟ್‌ನಲ್ಲಿ ಇದೇ ಕಥೆ ಮಂಟಪದಿಂದ ಮಂಟಪಕ್ಕೆ ಮರುಕಳಿಸಿತು. ಸಮುದ್ರದ ಕುರಿತಾದ ‘ದಿ ಲಿವಿಂಗ್ ಸೀಸ್’ 1986ರಲ್ಲಿ ಆರಂಭವಾಗಿತ್ತು. ಸುಮಾರು 2 ಕೋಟಿ ಲೀಟರ್‌ಗೂ ಹೆಚ್ಚು ನೀರಿನ ತೊಟ್ಟಿಯಲ್ಲಿ ನಿಜವಾದ ಮೀನುಗಳು, ಆಮೆಗಳು. ಪ್ರಾಯೋಜಕನಾಗಿದ್ದ ಯುನೈಟೆಡ್ ಟೆಕ್ನಾಲಜೀಸ್ 1998ರಲ್ಲಿ ಹಿಂದೆ ಸರಿಯಿತು. 2003ರಲ್ಲಿ ‘ಫೈಂಡಿಂಗ್ ನೀಮೊ’ ಚಿತ್ರ ಜಯಭೇರಿ ಬಾರಿಸಿತು. ಕೆಲವೇ ವರ್ಷಗಳಲ್ಲಿ ಆ ಮಂಟಪ ನೀಮೊ ಮತ್ತು ಗೆಳೆಯರ ಹೆಸರಿಗೆ ತಿರುಗಿತು. ಈಗ ಅಲ್ಲಿ ನಿಜವಾದ ಮೀನುಗಳ ನಡುವೆ ಚಿತ್ರದ ಮೀನುಗಳು ಈಜುವಂತೆ ಬಿಂಬಗಳನ್ನು ಮೂಡಿಸಲಾಗುತ್ತದೆ.

ಇಂಧನ ಮಂಟಪದ ಕಥೆಯೂ ಭಿನ್ನವಲ್ಲ. ಛಾವಣಿಯ ಮೇಲೆ ಸೌರಕೋಶಗಳನ್ನು ಹೊದಿಸಿ 1982ರಲ್ಲಿಯೇ ಬೆರಗು ಮೂಡಿಸಿದ್ದ ಕಟ್ಟಡವದು. ಎಕ್ಸಾನ್ ನೆರವು 2004ರಲ್ಲಿ ನಿಂತಿತು. 1996ರಲ್ಲಿ ಪರಿಷ್ಕೃತವಾಗಿದ್ದ ಪ್ರದರ್ಶನ ಮುಂದೆ ಹದಿಮೂರು ವರ್ಷ ಹೊಸ ಬಂಡವಾಳ ಕಾಣದೆ ಹಾಗೆಯೇ ಎಳೆದುಕೊಂಡು ಹೋಯಿತು. 2017ರ ಆಗಸ್ಟ್ 13ರಂದು ಮುಚ್ಚಿತು. 2022ರ ಮೇ 27ರಂದು ಅಲ್ಲಿ ಆರಂಭವಾದದ್ದು ಮಾರ್ವೆಲ್ ಸಂಸ್ಥೆಯ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಚಿತ್ರದ ರೋಲರ್ ಕೋಸ್ಟರ್.

ಜನರಲ್ ಎಲೆಕ್ಟ್ರಿಕ್ 1993ರಲ್ಲಿ ಕೈಬಿಟ್ಟ ‘ಹೊರೈಜನ್ಸ್’ ಮಂಟಪ 1999ರಲ್ಲಿ ಮುಚ್ಚಿ, ಮರುವರ್ಷ ನೆಲಸಮವಾಯಿತು. ಅದರ ಜಾಗಕ್ಕೆ 2003ರಲ್ಲಿ ಬಂದ ಬಾಹ್ಯಾಕಾಶ ರೈಡ್ ಚಿತ್ರಾಧಾರಿತವಲ್ಲ. ಅದಕ್ಕೂ ಕಂಪ್ಯೂಟರ್ ಕಂಪನಿಯೊಂದು ಪ್ರಾಯೋಜಕನಾಗಿ ನಿಂತಿತ್ತು ಎಂಬುದನ್ನು ಗಮನಿಸಬೇಕು. ವಿಚಾರಕ್ಕೆ ಹಣ ಹೂಡುವವರು ಸಿಕ್ಕಾಗ ವಿಚಾರದ ರೈಡ್ ಬಂದಿದೆ. ಸಿಗದಿದ್ದಾಗ ಸಿನಿಮಾ ಬಂದಿದೆ. ಅಂದರೆ ಹಿಂದೆ ಪ್ರಾಯೋಜಕ ಕಂಪನಿ ಕುಳಿತಿದ್ದ ಕುರ್ಚಿಯಲ್ಲಿ ಇಂದು ಚಲನಚಿತ್ರ ಕುಳಿತಿದೆ. ರೈಡ್ ಚಿತ್ರವನ್ನು ನೆನಪಿಸುತ್ತದೆ, ಚಿತ್ರ ಗೊಂಬೆ ಮತ್ತು ಅಂಗಿಗಳನ್ನು ಮಾರಿಸುತ್ತದೆ, ಅವೆರಡೂ ಸೇರಿ ಮುಂದಿನ ಚಿತ್ರಕ್ಕೆ ಪ್ರೇಕ್ಷಕರನ್ನು ಸಿದ್ಧಗೊಳಿಸುತ್ತವೆ.

ಹ್ಯಾರಿ ಪಾಟರ್ ತಂದ ತಿರುವು

ಈ ಲೆಕ್ಕಾಚಾರಕ್ಕೆ ವೇಗ ನೀಡಿದ್ದು ಡಿಸ್ನಿಯ ಪ್ರತಿಸ್ಪರ್ಧಿ ಯೂನಿವರ್ಸಲ್. 2010ರ ಜೂನ್ 18ರಂದು ಓರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ಹ್ಯಾರಿ ಪಾಟರ್ ಲೋಕ ತೆರೆದುಕೊಂಡಿತು. ಅಲ್ಲಿ ಒಂದೆರಡು ರೈಡ್‌ಗಳಷ್ಟೇ ಅಲ್ಲ, ಇಡೀ ಊರೇ ಚಿತ್ರದಲ್ಲಿದ್ದಂತೆ ಎದ್ದು ನಿಂತಿತು. ಕಥೆಯಲ್ಲಿ ಬರುವ ‘ಬಟರ್‌ಬಿಯರ್’ ಪಾನೀಯ, ಮಂತ್ರದಂಡ, ಶಾಲೆಯ ನಿಲುವಂಗಿ ಎಲ್ಲವೂ ಮಾರಾಟಕ್ಕಿದ್ದವು. ಜನ ಸಾಲುಗಟ್ಟಿ ಕೊಂಡರು. ಜನ ಹಣ ಕೊಡುವುದು ರೈಡ್‌ಗೆ ಮಾತ್ರವಲ್ಲ, ತಾವು ಪ್ರೀತಿಸುವ ಕಥೆಯೊಳಗೆ ನಡೆದಾಡುವುದಕ್ಕೆ ಎಂಬ ಪಾಠವನ್ನು ಇಡೀ ಉದ್ಯಮ ಅಂದು ಕಲಿಯಿತು.

ಇದಕ್ಕೆ ತೆತ್ತ ಬೆಲೆಯೂ ಇದೆ. ಎರಡನೆಯ ಹ್ಯಾರಿ ಪಾಟರ್ ವಲಯಕ್ಕೆ ಜಾಗ ಮಾಡಿಕೊಡಲು ಯೂನಿವರ್ಸಲ್ ತನ್ನ ಜನಪ್ರಿಯ ‘ಜಾಸ್’ ರೈಡ್ ಅನ್ನು 2012ರ ಜನವರಿ 2ರಂದು ಮುಚ್ಚಿತು. ದೋಣಿಯಲ್ಲಿ ಸಾಗುವಾಗ ನೀರಿನಿಂದ ದಿಢೀರನೆ ಶಾರ್ಕ್ ಬಾಯ್ದೆರೆದು ಬರುವ ಆ ರೈಡ್ ಕೂಡ 1975ರ ಚಿತ್ರವೊಂದರಿಂದಲೇ ಹುಟ್ಟಿದ್ದು. ಒಂದು ಕಾಲದ ಸಿನಿಮಾ ರೈಡ್ ಇನ್ನೊಂದು ಕಾಲದ ಸಿನಿಮಾ ರೈಡ್‌ಗೆ ಬಲಿಯಾಯಿತು. 2014ರ ಜುಲೈ 8ರಂದು ಅಲ್ಲಿ ‘ಡಯಾಗನ್ ಆಲಿ’ ತೆರೆಯಿತು.

ಡಿಸ್ನಿ ಸುಮ್ಮನಿರಲಿಲ್ಲ. 2006ರಲ್ಲಿ ಪಿಕ್ಸಾರ್, 2009ರಲ್ಲಿ ಮಾರ್ವೆಲ್, 2012ರಲ್ಲಿ ಲೂಕಾಸ್‌ಫಿಲ್ಮ್, 2019ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಬಹುಪಾಲು ಆಸ್ತಿಗಳು ಹೀಗೆ ಒಂದೊಂದಾಗಿ ಖರೀದಿಸುತ್ತ ಬಂತು. ಇಷ್ಟು ಹಣ ಕೊಟ್ಟು ಕೊಂಡ ಪಾತ್ರಗಳನ್ನು ತೆರೆಯ ಮೇಲೆ ಮಾತ್ರ ದುಡಿಸಿದರೆ ಸಾಲದು. 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ಸ್ ಲ್ಯಾಂಡ್, 2017ರಲ್ಲಿ ಫ್ಲಾರಿಡಾದಲ್ಲಿ ಅವತಾರ್ ವಲಯ, 2019ರಲ್ಲಿ ಎರಡೂ ಕಡೆ ಸ್ಟಾರ್ ವಾರ್ಸ್ ವಲಯ ಬಂದವು. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಗಿದ್ದ ‘ಟವರ್ ಆಫ್ ಟೆರರ್’ 1959ರ ಟಿವಿ ಧಾರಾವಾಹಿ ‘ದಿ ಟ್ವೈಲೈಟ್ ಜೋನ್’ ಆಧರಿಸಿದ್ದು. ಆ ಧಾರಾವಾಹಿ ಡಿಸ್ನಿಯ ಸ್ವತ್ತಲ್ಲ. 2017ರಲ್ಲಿ ಆ ಗೋಪುರವನ್ನು ತನ್ನದೇ ಆದ ಮಾರ್ವೆಲ್ ಪಾತ್ರಗಳಿಗೆ ಡಿಸ್ನಿ ವಹಿಸಿಕೊಟ್ಟಿತು.

ಪಾರ್ಕ್‌ಗಳು ಇಂದು ಡಿಸ್ನಿಗೆ ಪಕ್ಕದ ವ್ಯಾಪಾರವಲ್ಲ. 2024ರ ಆರ್ಥಿಕ ವರ್ಷದಲ್ಲಿ ಸಂಸ್ಥೆಯ ವಿಭಾಗಗಳ ಒಟ್ಟು ಕಾರ್ಯಾಚರಣೆ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಪಾರ್ಕ್, ಹಡಗುಯಾನ ಮತ್ತು ಸರಕು ಮಾರಾಟದ ವಿಭಾಗದಿಂದ. ಹತ್ತು ವರ್ಷಗಳಲ್ಲಿ ಆ ವಿಭಾಗದಲ್ಲಿ ಸುಮಾರು 6,000 ಕೋಟಿ ಡಾಲರ್ ಹೂಡುವುದಾಗಿ ಸಂಸ್ಥೆ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಇಷ್ಟು ದೊಡ್ಡ ಮೊತ್ತ ಹೂಡುವವರು ಜನರಿಗೆ ಗೊತ್ತಿಲ್ಲದ ಕಥೆಯ ಮೇಲೆ ಹೂಡಲು ಹಿಂಜರಿಯುವುದು ವ್ಯಾಪಾರದ ದೃಷ್ಟಿಯಿಂದ ಅಚ್ಚರಿಯೇನಲ್ಲ.

ನಾರ್ವೆಯ ಜಾಗದಲ್ಲಿ ಅರೆಂಡೆಲ್

ಈ ಬದಲಾವಣೆಯ ಸ್ವರೂಪವನ್ನು ಅರಿಯಲು ಎಪ್ಕಾಟ್‌ನ ನಾರ್ವೆ ಮಂಟಪ ಸೂಕ್ತ ನಿದರ್ಶನ. ಎಪ್ಕಾಟ್‌ನ ಅರ್ಧಭಾಗ ದೇಶಗಳಿಗೆ ಮೀಸಲು. ಅಲ್ಲಿ 1988ರಲ್ಲಿ ಆರಂಭವಾದ ‘ಮೇಲ್‌ಸ್ಟ್ರಾಮ್’ ದೋಣಿ ರೈಡ್‌ನಲ್ಲಿ ವೈಕಿಂಗ್ ನಾವಿಕರಿದ್ದರು, ಜಾನಪದದ ಟ್ರೋಲ್ ಎಂಬ ಭೂತಗಳಿದ್ದವು, ಹಿಮಕರಡಿಗಳಿದ್ದವು, ಉತ್ತರ ಸಮುದ್ರದ ತೈಲ ಬಾವಿಯೂ ಇತ್ತು. ಟ್ರೋಲ್‌ಗಳ ಶಾಪದಿಂದ ದೋಣಿ ಹಿಮ್ಮುಖವಾಗಿ ಚಲಿಸತೊಡಗುತ್ತಿತ್ತು. ಇಳಿದ ಮೇಲೆ ನಾರ್ವೆ ದೇಶದ ಕುರಿತು ಕಿರುಚಿತ್ರ. ಆ ದೇಶದ ಸರ್ಕಾರ ಮಂಟಪಕ್ಕೆ ನೀಡುತ್ತಿದ್ದ ನೆರವು 2002ರಲ್ಲಿ ನಿಂತಿತು.

2013ರ ನವೆಂಬರ್‌ನಲ್ಲಿ ‘ಫ್ರೋಜನ್’ ಚಿತ್ರ ತೆರೆ ಕಂಡು ಜಗತ್ತಿನ ಮಕ್ಕಳನ್ನೆಲ್ಲ ಸೆಳೆಯಿತು. 2014ರ ಅಕ್ಟೋಬರ್ 5ರಂದು ಮೇಲ್‌ಸ್ಟ್ರಾಮ್ ಕೊನೆಯ ದೋಣಿ ಬಿಟ್ಟಿತು. 2016ರ ಜೂನ್ 21ರಂದು ಅಲ್ಲಿಯೇ ‘ಫ್ರೋಜನ್ ಎವರ್ ಆಫ್ಟರ್’ ಆರಂಭವಾಯಿತು. ಹಳೆಯ ಕಾಲುವೆ, ಹಳೆಯ ಬಗೆಯ ದೋಣಿ, ಹಿಮ್ಮುಖ ಚಲನೆ ಎಲ್ಲವೂ ಉಳಿದವು; ಕಥೆ ಮಾತ್ರ ಬದಲಾಯಿತು. ಹೊಸ ಕಟ್ಟಡ ಕಟ್ಟುವುದಕ್ಕಿಂತ ಇದ್ದ ಕಾಲುವೆಯನ್ನೇ ಬಳಸಿಕೊಂಡರೆ ಖರ್ಚೂ ಕಾಲವೂ ಉಳಿಯುತ್ತವೆ. ಹಳೆಯ ರೈಡ್‌ಗಳೇ ಮೊದಲು ಬಲಿಯಾಗುವುದಕ್ಕೆ ಇದೂ ಒಂದು ಕಾರಣ.

ಜನರಂತೂ ಮುಗಿಬಿದ್ದರು. ಹಿಂದೆ ಹೆಚ್ಚು ಕಾಯದೆ ಹತ್ತಬಹುದಾಗಿದ್ದ ದೋಣಿಗೆ ಆರಂಭದ ದಿನಗಳಲ್ಲಿ ತಾಸುಗಟ್ಟಲೆ ಸರತಿ. ಈ ಅಂಕಿಗಳನ್ನು ಮುಂದಿಟ್ಟುಕೊಂಡು ನೋಡಿದರೆ ಸಂಸ್ಥೆಯ ನಿರ್ಧಾರವನ್ನು ತಪ್ಪೆನ್ನಲಾಗದು.

ಆದರೆ ಕಳೆದುಹೋದದ್ದೂ ಉಂಟು. ಫ್ರೋಜನ್ ಚಿತ್ರದ ಅರೆಂಡೆಲ್ ರಾಜ್ಯ ಕಾಲ್ಪನಿಕ. ನಾರ್ವೆಯ ಕಡಲಕೊರಕಲುಗಳಿಂದ, ಮರದ ಚರ್ಚುಗಳಿಂದ ಚಿತ್ರತಂಡ ಸ್ಫೂರ್ತಿ ಪಡೆದದ್ದು ನಿಜ. ಆದರೆ ಚಿತ್ರಕ್ಕೆ ಪ್ರೇರಣೆಯಾದ ‘ಹಿಮರಾಣಿ’ ಕಥೆಯನ್ನು ಬರೆದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಡೆನ್ಮಾರ್ಕ್‌ನವರು. ನಾರ್ವೆ ದೇಶದ ಹೆಸರಿನ ಮಂಟಪದಲ್ಲಿ, ಡೆನ್ಮಾರ್ಕ್‌ನ ಕಥೆಗಾರನ ಎಳೆ ಹಿಡಿದು ಅಮೆರಿಕದಲ್ಲಿ ತಯಾರಾದ ಚಿತ್ರದ, ಭೂಪಟದಲ್ಲಿಲ್ಲದ ರಾಜ್ಯ! ವೈಕಿಂಗರೂ ತೈಲಬಾವಿಯೂ ಎಷ್ಟೇ ಅಪೂರ್ಣವಾಗಿದ್ದರೂ ಒಂದು ನೈಜ ದೇಶದವು. ಅವುಗಳನ್ನು ಕಂಡ ಮಗು ‘ನಾರ್ವೆ ಎಲ್ಲಿದೆ?’ ಎಂದು ಕೇಳಲು ಆಸ್ಪದವಿತ್ತು.

ಇನ್ನೊಂದು ಮಗ್ಗುಲು

ಹಳೆಯದನ್ನು ಕಳಚುವುದೆಲ್ಲ ಅನ್ಯಾಯವೇ? ಹಾಗೆನ್ನಲಾಗದು. ಮೂರು ಪ್ರಸಂಗಗಳು ಬೇರೆಯ ಮಾತು ಹೇಳುತ್ತವೆ.

ಮೊದಲನೆಯದು ‘ಸ್ಪ್ಲ್ಯಾಶ್ ಮೌಂಟನ್’. 1989ರಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ, 1992ರಲ್ಲಿ ಫ್ಲಾರಿಡಾ ಮತ್ತು ಟೋಕಿಯೊಗಳಲ್ಲಿ ಆರಂಭವಾದ ಈ ಜಲಪಾತದ ರೈಡ್ ಅತ್ಯಂತ ಜನಪ್ರಿಯವಾಗಿತ್ತು. ಆದರೆ ಅದರ ಮೂಲ 1946ರ ‘ಸಾಂಗ್ ಆಫ್ ದಿ ಸೌತ್’ ಚಿತ್ರ. ಕರಿಯರ ಬದುಕನ್ನು ಸುಳ್ಳು ಸುಖದ ಬಣ್ಣದಲ್ಲಿ ತೋರಿಸಿದೆ ಎಂಬ ಆಕ್ಷೇಪ ಆ ಚಿತ್ರ ತೆರೆ ಕಂಡಾಗಲೇ ಎದ್ದಿತ್ತು. ಡಿಸ್ನಿ ಅದನ್ನು ಅಮೆರಿಕದಲ್ಲಿ ಮನೆಯಲ್ಲಿ ನೋಡುವ ಕ್ಯಾಸೆಟ್ ಅಥವಾ ಡಿಸ್ಕ್ ರೂಪದಲ್ಲಿ ಎಂದೂ ಬಿಡುಗಡೆ ಮಾಡಲಿಲ್ಲ. ಈ ರೈಡ್ ಅನ್ನು ಬದಲಿಸುವುದಾಗಿ 2020ರ ಜೂನ್‌ನಲ್ಲಿ ಪ್ರಕಟಿಸಿ, ಅಮೆರಿಕದ ಎರಡೂ ಕಡೆ 2023ರಲ್ಲಿ ಮುಚ್ಚಲಾಯಿತು. 2024ರಲ್ಲಿ ಅದು ‘ಟಿಯಾನಾಸ್ ಬಾಯು ಅಡ್ವೆಂಚರ್’ ಆಗಿ ಮರಳಿತು. 2009ರ ಚಿತ್ರವೊಂದರ ಟಿಯಾನಾ ಡಿಸ್ನಿಯ ಮೊದಲ ಆಫ್ರಿಕನ್-ಅಮೆರಿಕನ್ ರಾಜಕುಮಾರಿ. ಇಲ್ಲಿ ಬದಲಾವಣೆಗೆ ವ್ಯಾಪಾರದ ಜೊತೆ ನ್ಯಾಯದ ಕಾರಣವೂ ಇತ್ತು. ಯಾರ ಮಗುವಿಗೂ ಇರಿಸುಮುರಿಸಾಗದ ಜಾಗವಾಗಬೇಕೆಂಬ ವಾದವನ್ನು ಹಳಬರ ನೆನಪಿನ ಹೆಸರಿನಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಎರಡನೆಯದು ಡಿಸ್ನಿಲ್ಯಾಂಡ್‌ನ ಜಲಾಂತರ್ಗಾಮಿ. 1959ರಲ್ಲಿ ಆರಂಭವಾಗಿದ್ದ ಈ ರೈಡ್ 1998ರಲ್ಲಿ ನಿಂತುಹೋಗಿ, ಸುಮಾರು ಒಂಬತ್ತು ವರ್ಷ ಆ ಕೊಳ ಪ್ರಯಾಣಿಕರಿಲ್ಲದೆ ಉಳಿಯಿತು. 2007ರ ಜೂನ್‌ನಲ್ಲಿ ಅದನ್ನು ಮತ್ತೆ ನೀರಿಗಿಳಿಸಿದ್ದು ನೀಮೊ. ಸಿನಿಮಾದ ನೆಪವಿಲ್ಲದಿದ್ದರೆ ಆ ಹಡಗುಗಳು ಮರಳುತ್ತಿದ್ದುದು ಸಂಶಯ. ಇಲ್ಲಿ ಚಿತ್ರವೇ ಹಳೆಯ ರೈಡ್‌ಗೆ ಜೀವದಾನ ಮಾಡಿತು.

ಮೂರನೆಯದು ಫ್ಲಾರಿಡಾದ ಮಿಸ್ಟರ್ ಟೋಡ್. ಈ ಕಪ್ಪೆರಾಯನ ಕಾರು ಸವಾರಿಯನ್ನು ಮುಚ್ಚುವ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಪಾರ್ಕಿನೊಳಗೇ ಸೇರಿ ಶಾಂತಿಯುತ ಪ್ರತಿಭಟನೆ ನಡೆಸಿದರು. ಫಲ ಸಿಗಲಿಲ್ಲ. 1998ರ ಸೆಪ್ಟೆಂಬರ್ 7ರಂದು ರೈಡ್ ಮುಚ್ಚಿತು. ಮರುವರ್ಷ ಆ ಜಾಗಕ್ಕೆ ವಿನ್ನಿ ದ ಪೂ ಎಂಬ ಕರಡಿ ಬಂತು. ಹೊಸ ರೈಡ್‌ನ ಒಳಗೆ ಕಪ್ಪೆರಾಯ ಗೂಬೆಗೆ ಮನೆಯ ಹಕ್ಕುಪತ್ರ ಹಸ್ತಾಂತರಿಸುವ ಪುಟ್ಟ ಚಿತ್ರವೊಂದನ್ನು ಕಲಾವಿದರು ಗೋಡೆಗೆ ತೂಗುಹಾಕಿದರು. ಕಪ್ಪೆಯ ಚಿತ್ರ 1949ರದು, ಅಂದರೆ ಅದೂ ಸಿನಿಮಾ ರೈಡೇ. ಹಾಗಾದರೆ ಜನ ಮರುಗಿದ್ದು ಸಿನಿಮಾ ಬಂದದ್ದಕ್ಕಲ್ಲ. ಅಪ್ಪನ ಕೈ ಹಿಡಿದು ತಾವು ಕಂಡದ್ದನ್ನು ತಮ್ಮ ಮಕ್ಕಳಿಗೆ ತೋರಿಸುವ ಅವಕಾಶ ತಪ್ಪಿತಲ್ಲ ಎಂಬುದಕ್ಕೆ.

ಪಾರ್ಕ್ ಎಂಬುದು ಎಂದಿಗೂ ಪೂರ್ಣಗೊಳ್ಳದ ಕೆಲಸವೆಂದು ವಾಲ್ಟ್ ಡಿಸ್ನಿಯವರೇ ಹೇಳುತ್ತಿದ್ದರು. ಬದಲಾವಣೆಯನ್ನು ಸಮರ್ಥಿಸುವವರು ಇಂದಿಗೂ ಆಶ್ರಯಿಸುವುದು ಇದೇ ಮಾತನ್ನು.

ನಿಜವಾದ ನಷ್ಟ ಎಲ್ಲಿ?

ಹೀಗಿರುವಾಗ ಆತಂಕಕ್ಕೆ ಆಧಾರವೇನು? ಅದನ್ನು ‘ಪೈರೇಟ್ಸ್’ ರೈಡ್‌ನ ಮುಂದಿನ ಕಥೆಯಲ್ಲಿ ಕಾಣಬಹುದು. 1967ರ ಆ ರೈಡ್‌ನಿಂದಲೇ 2003ರಲ್ಲಿ ಅದೇ ಹೆಸರಿನ ಚಲನಚಿತ್ರ ಹುಟ್ಟಿತು. ಅದು ಐದು ಚಿತ್ರಗಳ ಮಾಲೆಯಾಗಿ ಬೆಳೆದು, ಜಗತ್ತಿನಾದ್ಯಂತ ಒಟ್ಟು 400 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. 2006ರಲ್ಲಿ ಚಿತ್ರದ ನಾಯಕ ಜಾಕ್ ಸ್ಪ್ಯಾರೊನ ಗೊಂಬೆಗಳನ್ನು ರೈಡ್‌ನೊಳಗೆ ಸೇರಿಸಲಾಯಿತು. ಹಾಂಟೆಡ್ ಮ್ಯಾನ್ಷನ್‌ನಿಂದ 2003 ಮತ್ತು 2023ರಲ್ಲಿ, ಕಾಡಿನ ದೋಣಿವಿಹಾರದಿಂದ 2021ರಲ್ಲಿ ಚಿತ್ರಗಳು ಬಂದವು. ಅಂದರೆ ಸ್ವಂತ ಕಲ್ಪನೆಯ ರೈಡ್‌ಗಳು ಚಲನಚಿತ್ರಗಳಿಗೆ ಬಿತ್ತನೆ ಬೀಜವಾಗಿದ್ದವು. ಇಂದು ಪಾರ್ಕ್‌ಗಳು ಚಿತ್ರಗಳ ಫಸಲನ್ನು ಮಾತ್ರ ಮಾರುತ್ತಿವೆ. ಬೀಜ ಬಿತ್ತುವವರು ಯಾರು ಎಂಬ ಪ್ರಶ್ನೆ ಕೇವಲ ಅಭಿಮಾನಿಗಳದ್ದಲ್ಲ. ಲಾಭದ ದೃಷ್ಟಿಯಿಂದಲೂ ಸಂಸ್ಥೆ ಕೇಳಿಕೊಳ್ಳಬೇಕಾದದ್ದು.

ಸ್ವಂತ ಕಲ್ಪನೆಯ ದೊಡ್ಡ ರೈಡ್‌ಗಳು ಪೂರ್ತಿ ನಿಂತಿಲ್ಲ. 2006ರಲ್ಲಿ ಫ್ಲಾರಿಡಾದಲ್ಲಿ ಹಿಮಮಾನವನ ಕಥೆಯ ‘ಎಕ್ಸ್‌ಪೆಡಿಷನ್ ಎವರೆಸ್ಟ್’, 2013ರಲ್ಲಿ ಹಾಂಕಾಂಗ್‌ನಲ್ಲಿ ‘ಮಿಸ್ಟಿಕ್ ಮ್ಯಾನರ್’ ಬಂದವು. ಆದರೆ ಅಮೆರಿಕದ ಪಾರ್ಕ್‌ಗಳಲ್ಲಿ ಅಂಥವು ವಿರಳವಾಗುತ್ತ ಬಂದಿವೆ.

ಎರಡನೆಯ ನಷ್ಟ ಸೂಕ್ಷ್ಮವಾದದ್ದು. ಚಿತ್ರಾಧಾರಿತ ರೈಡ್ ಪ್ರೇಕ್ಷಕನಿಂದ ಒಂದು ಪೂರ್ವಸಿದ್ಧತೆಯನ್ನು ಬೇಡುತ್ತದೆ. ಚಿತ್ರ ನೋಡಿದವರಿಗೆ ಪ್ರತಿ ತಿರುವಿನಲ್ಲೂ ಪರಿಚಿತರು ಸಿಗುತ್ತಾರೆ. ನೋಡದವರಿಗೆ ಅದು ಯಾರದೋ ಮದುವೆ ಮನೆಗೆ ಹೊಕ್ಕಂತೆ. ಊರಿನಿಂದ ಹೋದ ಅಜ್ಜಿಗೆ ಮಾರ್ವೆಲ್ ವೀರರು ಯಾರೆಂದು ಮೊಮ್ಮಗ ವಿವರಿಸಬೇಕಾಗುತ್ತದೆ. ಹಬೆದೋಣಿಯಲ್ಲಿ ಕುಳಿತು ನೀರು ನೋಡಲು ಅಜ್ಜಿಗೆ ಯಾರ ವಿವರಣೆಯೂ ಬೇಕಿರಲಿಲ್ಲ. ಭಾಷೆ, ವಯಸ್ಸು, ದೇಶಗಳ ಭೇದವಿಲ್ಲದೆ ಎಲ್ಲರೂ ಏಕಕಾಲಕ್ಕೆ ಅಪರಿಚಿತರಾಗಿ ಒಳಹೊಕ್ಕು ಬೆರಗಾಗುವ ಸ್ಥಳಗಳು ಕಡಿಮೆಯಾಗುತ್ತಿವೆ ಎಂಬುದೇ ಈ ಬದಲಾವಣೆಯ ನಿಜವಾದ ಬೆಲೆ.

ಎಪ್ಕಾಟ್‌ನ ಕೃಷಿ ಮಂಟಪದಲ್ಲಿ ನಿಜವಾದ ಹಸಿರುಮನೆಗಳ ನಡುವೆ ದೋಣಿ ಸಾಗುವ ‘ಲಿವಿಂಗ್ ವಿತ್ ದಿ ಲ್ಯಾಂಡ್’ ಎಂಬ ರೈಡ್ ಉಳಿದುಕೊಂಡು ಬಂದಿದೆ. ಮಣ್ಣಿಲ್ಲದೆ ಬೆಳೆದ ತರಕಾರಿ, ತೊಟ್ಟಿಗಳಲ್ಲಿ ಸಾಕಿದ ಮೀನುಗಳನ್ನು ನೋಡುತ್ತ ಸಾಗಬಹುದು. ಅದಕ್ಕೆ ನಾಯಕನಿಲ್ಲ, ಖಳನಾಯಕನಿಲ್ಲ. ಕೃಷಿಕುಟುಂಬದಿಂದ ಹೋದ ನಮ್ಮವರಿಗೆ ಇದು ಇತರ ರೈಡ್‌ಗಳಿಗಿಂತ ಹೆಚ್ಚು ಹಿಡಿಸಿದರೆ ಆಶ್ಚರ್ಯವಿಲ್ಲ. ಇಂಥವು ಉಳಿಯುವುದು ಅಭಿಮಾನಿಗಳ ಮನವಿಗಳಿಂದಲ್ಲ ಎಂಬುದನ್ನು ಮಿಸ್ಟರ್ ಟೋಡ್ ಪ್ರಸಂಗ ತೋರಿಸಿಕೊಟ್ಟಿದೆ. ಸಂಸ್ಥೆಗಳು ಎಣಿಸುವುದು ಸರತಿಯಲ್ಲಿ ನಿಂತವರ ತಲೆಗಳನ್ನು. ಫ್ರೋಜನ್ ದೋಣಿಗೆ ತಾಸುಗಟ್ಟಲೆ ಕಾಯುವವರು, ಹಸಿರುಮನೆಯ ದೋಣಿಗೂ ಒಂದು ಅರ್ಧ ತಾಸು ಮೀಸಲಿಟ್ಟರೆ ಆ ಎಣಿಕೆಯಲ್ಲಿ ಅದಕ್ಕೂ ಒಂದು ಸ್ಥಾನ ಸಿಕ್ಕೀತು.